ಸ್ವಂತ ಉದ್ಯೋಗ ಮಾಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ? ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಸಹಾಯ ಸಂಘದ ಸಭೆ ಮುಗಿದು ಚಾಪೆ ಮಡಚುವ ಹೊತ್ತಿಗೆ ಒಬ್ಬರಲ್ಲ ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಅಕ್ಕ, ಸರ್ಕಾರದಿಂದ ಏನೋ ಲೋನ್ ಕೊಡ್ತಾರಂತಲ್ಲ, ನಂಗೂ ಸಿಗುತ್ತಾ?" ಹೊಲಿಗೆ ಗೊತ್ತಿರುವವರು, ರೊಟ್ಟಿ ಬಡಿಯುವವರು, ಪಾರ್ಲರ್ ಇಡಬೇಕೆನ್ನುವವರು, ಎರಡು ಎಮ್ಮೆ ಕಟ್ಟಿ ಹಾಲು ಹಾಕಬೇಕೆನ್ನುವವರು, ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಅವರ ಜೊತೆ ಬ್ಯಾಂಕು, ತಾಲ್ಲೂಕು ಕಚೇರಿ ಅಂತ ಓಡಾಡಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಬಜೆಟ್ಟು ಬಂದಾಗೆಲ್ಲ ಮೊತ್ತ, ಮಿತಿ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುಂಚೆ ಆಯಾ ಕಚೇರಿಯಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಕೈಯಲ್ಲಿ ದುಡ್ಡಿಲ್ಲ. ಮೊದಲು ಸಾಲಕ್ಕೆ ಅರ್ಜಿ ಹಾಕಿಬಿಡ್ಲಾ?

ಬೇಡ. ಮೊದಲು ಹತ್ತು ಜನ ಕೊಳ್ಳುವವರನ್ನು ಹುಡುಕಿ.

ನನಗೆ ಗೊತ್ತಿರುವ ಒಂದು ಸಂಘದವರು ಸಾಲ ಮಾಡಿ ಹಪ್ಪಳದ ಮೆಷಿನ್ ತಂದರು. ಮೆಷಿನ್ ಚೆನ್ನಾಗಿತ್ತು, ಹಪ್ಪಳವೂ ರುಚಿಯಾಗಿತ್ತು. ಆದರೆ ದಿನಕ್ಕೆ ಅಷ್ಟು ಹಪ್ಪಳ ಯಾರಿಗೆ ಮಾರಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಮಳೆಗಾಲ ಬಂತು, ಒಣಗಿಸಲು ಜಾಗವಿಲ್ಲ. ಮೂರನೇ ತಿಂಗಳಿಗೆ ಮೆಷಿನ್ ಮೇಲೆ ಗೋಣಿಚೀಲ ಹೊದಿಸಿದರು, ಕಂತು ಮಾತ್ರ ನಿಲ್ಲಲಿಲ್ಲ. ಅವತ್ತು ಆ ಹೆಣ್ಣುಮಕ್ಕಳ ಮುಖ ನೋಡಿದ ಮೇಲೆ, ಸಾಲ ಕೊಡಿಸುವ ಮಾತನ್ನು ನಾನು ಎಲ್ಲಕ್ಕಿಂತ ಕೊನೆಗೆ ಎತ್ತುತ್ತೇನೆ.

ಮನೆಯಲ್ಲಿರುವ ಒಲೆ, ಮನೆಯಲ್ಲಿರುವ ಪಾತ್ರೆಯಲ್ಲೇ ಎರಡು ಮೂರು ತಿಂಗಳು ಮಾಡಿ ಮಾರಿ ನೋಡಿ. ನೆರೆಹೊರೆ, ಶಾಲೆಯ ಟೀಚರಮ್ಮಂದಿರು, ಊರಿನ ಎರಡು ಅಂಗಡಿ, ಹತ್ತಿರದ ಸಂತೆ. ಒಂದು ಸಲ ಕೊಂಡವರು ಮತ್ತೆ ಕೇಳಿಕೊಂಡು ಬಂದರೆ ಆ ಕಸುಬಿಗೆ ಜೀವ ಇದೆ ಅಂತ ಅರ್ಥ. ಎಷ್ಟು ಮಾರಿದಿರಿ ಅಂತ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಬ್ಯಾಂಕ್ ಮ್ಯಾನೇಜರ್ ಎದುರು ಕೂತಾಗ, ಯಾರಿಂದಲೋ ಬರೆಸಿದ ಇಪ್ಪತ್ತು ಪುಟದ ಪ್ರಾಜೆಕ್ಟ್ ರಿಪೋರ್ಟಿಗಿಂತ ಈ ನೋಟ್‌ಬುಕ್ಕೇ ಹೆಚ್ಚು ಮಾತಾಡುತ್ತದೆ.

ರೇಟು ಹೇಗೆ ಇಡೋದು? ಅಂಗಡಿಯವರು ಹೇಳಿದ ರೇಟಿಗೇ ಕೊಡ್ತಿದೀನಿ.

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೆಕ್ಕ ಕಲಿಯಲಿಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಬ್ಬರು ಸೇರಿ ಒಂದು ದಿನದಲ್ಲಿ 10 ಕೆಜಿ ಚಕ್ಕುಲಿ ಮಾಡಿದಿರಿ. ಹಿಟ್ಟಿಗೆ 600, ಎಣ್ಣೆಗೆ 500, ಗ್ಯಾಸಿಗೆ 150, ಕವರು ಲೇಬಲ್ಲಿಗೆ 150, ಆಟೋಕ್ಕೆ 100. ಒಟ್ಟು 1,500 ರೂಪಾಯಿ. ಅಂಗಡಿಯವರು ಕೆಜಿಗೆ 200ರಂತೆ 2,000 ಕೊಟ್ಟರು. "500 ಲಾಭ ಬಂತು" ಅಂತ ಖುಷಿಯಿಂದ ಮನೆಗೆ ಬಂದಿರಿ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಎಣ್ಣೆ ಬಾಣಲೆ ಮುಂದೆ ಬೆಂದದ್ದಕ್ಕೆ ಕೂಲಿ ಎಲ್ಲಿ ಹೋಯಿತು? ಅದೇ ದಿನ ಇಬ್ಬರೂ ಬೇರೆಯವರ ತೋಟಕ್ಕೆ ಹೋಗಿದ್ದರೆ ತಲಾ 400 ಬರುತ್ತಿತ್ತು ಅಂದುಕೊಳ್ಳಿ. ಆಗ ನಿಜವಾದ ಖರ್ಚು 2,300. ಅಂದರೆ ನಿಮಗೆ ಲಾಭ ಬಂದಿಲ್ಲ, 300 ನಷ್ಟವಾಗಿದೆ.

ನಮ್ಮ ಹೆಣ್ಣುಮಕ್ಕಳು ಎಲ್ಲದಕ್ಕೂ ಲೆಕ್ಕ ಹಾಕುತ್ತಾರೆ, ತಮ್ಮ ಮೈಕೈ ನೋವಿಗೆ ಮಾತ್ರ ಹಾಕುವುದಿಲ್ಲ. ದಯವಿಟ್ಟು ನಿಮ್ಮ ಕೂಲಿಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲನೇ ಸಾಲಿಗೇ ಬರೆಯಿರಿ. ಅದರ ಮೇಲೆ ಲಾಭ, ಅಂಗಡಿಯವರ ಕಮಿಷನ್, ಹಾಳಾಗುವ ಮಾಲಿನ ಪಾಲು ಸೇರಿಸಿ ರೇಟು ಇಡಿ. ಆ ರೇಟಿಗೆ ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಬೇಕು, ಇಲ್ಲವೇ ನೇರವಾಗಿ ಮನೆಗಳಿಗೆ ಮಾರಬೇಕು.

ಸ್ವಸಹಾಯ ಸಂಘಕ್ಕೆ ಸೇರಲೇಬೇಕಾ?

ಕಡ್ಡಾಯವಲ್ಲ. ಆದರೆ ಹಳ್ಳಿಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನಾನು ಕಂಡಿಲ್ಲ.

ಈ ಸಂಘಗಳ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಎಂಬತ್ತರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರ ಮುಂತಾದ ಕಡೆ ಕೆಲಸ ಮಾಡುತ್ತಿದ್ದಾಗ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪಾಗಿ ಕೂತು ಉಳಿತಾಯ ಮಾಡತೊಡಗಿದರು. ಆ ಅನುಭವ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನ ಕಣ್ಣಿಗೆ ಬಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ತಂದು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಲ್ಲಿ ಸಂಘ ಕಟ್ಟಿಸಿತು. ಈಗ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ನಮ್ಮ ರಾಜ್ಯದಲ್ಲಿ 'ಸಂಜೀವಿನಿ' ಹೆಸರಲ್ಲಿ ನಡೆಯುತ್ತಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಂಘಗಳೆಲ್ಲ ಸೇರಿ ಒಕ್ಕೂಟವಾಗಿವೆ. ಒಕ್ಕೂಟದ ಪುಸ್ತಕ ಬರೆಯುವ ಎಂಬಿಕೆಯನ್ನು ಕೇಳಿದರೆ ಯಾವ ಸಂಘದಲ್ಲಿ ಜಾಗವಿದೆ ಅಂತ ಹೇಳುತ್ತಾರೆ.

ಸಂಘದಿಂದ ಸಿಗುವುದು ಹೀಗೆ. ವಾರ ವಾರ ಸಭೆ, ಉಳಿತಾಯ, ಒಳಸಾಲ (ಆ ಉಳಿತಾಯದಿಂದಲೇ ಸದಸ್ಯೆಯರಿಗೆ ಕೊಡುವ ಸಾಲ), ಸರಿಯಾದ ಮರುಪಾವತಿ, ಪುಸ್ತಕ ಬರವಣಿಗೆ, ಈ ಐದನ್ನೂ ಪಾಲಿಸಿದ ಸಂಘಕ್ಕೆ ಮೊದಲು ಸುತ್ತುನಿಧಿ, ಅಂದರೆ ಸಂಘದೊಳಗೇ ಸಾಲವಾಗಿ ತಿರುಗಿಸುವ ಹಣ, ಬರುತ್ತದೆ. ಆಮೇಲೆ ಒಕ್ಕೂಟದಿಂದ ಸಮುದಾಯ ಬಂಡವಾಳ ನಿಧಿ, ನಂತರ ಬ್ಯಾಂಕ್ ಸಾಲ. ಅಭಿಯಾನದಡಿಯ ಸಂಘಗಳಿಗೆ 3 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲ ಶೇ 7ರ ಬಡ್ಡಿಗೆ ಸಿಗುವ ವ್ಯವಸ್ಥೆಯಿದೆ. ಸಂಘದ ಸಾಲ 10 ಲಕ್ಷದವರೆಗೆ ಇದ್ದರೆ ಬ್ಯಾಂಕು ಆಸ್ತಿ ಅಡಮಾನ ಕೇಳುವಂತಿಲ್ಲ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಪಾಸ್‌ಬುಕ್ಕು ಹಿಡಿದು ಬ್ಯಾಂಕಿನ ಒಳಗೆ ಕಾಲಿಡಲು ಹಿಂಜರಿಯುತ್ತಿದ್ದವರು, ಎರಡು ವರ್ಷ ಸಂಘದಲ್ಲಿ ಕೂತ ಮೇಲೆ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಧೈರ್ಯ ಯಾವ ಯೋಜನೆಯ ಪಟ್ಟಿಯಲ್ಲೂ ಇರುವುದಿಲ್ಲ.

ಕಸುಬು ಸರಿಯಾಗಿ ಗೊತ್ತಿಲ್ಲ. ಪುಕ್ಕಟೆ ಕಲಿಸೋರು ಇದಾರಾ?

ಇದ್ದಾರೆ, ಅದೂ ಊಟ ವಸತಿ ಕೊಟ್ಟು. 1982ರಲ್ಲಿ ಧರ್ಮಸ್ಥಳದ ಹತ್ತಿರ ಉಜಿರೆಯಲ್ಲಿ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಕಟ್ಟಿದ್ದು. ಈ ಮಾದರಿ ಎಷ್ಟು ಚೆನ್ನಾಗಿ ನಡೆಯಿತೆಂದರೆ ಕೇಂದ್ರ ಸರ್ಕಾರ ಅದನ್ನೇ ಇಟ್ಟುಕೊಂಡು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳನ್ನು ತೆರೆಸಿತು. ಒಂದೊಂದನ್ನೂ ಒಂದೊಂದು ಬ್ಯಾಂಕು ನಡೆಸುತ್ತದೆ.

ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ, ಅಣಬೆ ಬೇಸಾಯ, ಮೊಬೈಲ್ ರಿಪೇರಿ, ಹೀಗೆ ಕೆಲವು ದಿನಗಳಿಂದ ಒಂದೂವರೆ ತಿಂಗಳವರೆಗಿನ ತರಬೇತಿಗಳಿವೆ. ಕಲಿಸಿ ಕಳಿಸಿಬಿಡುವುದಿಲ್ಲ, ಆಮೇಲೂ ಎರಡು ವರ್ಷ ವಿಚಾರಿಸುತ್ತಿರುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಸಾಮಾನ್ಯವಾಗಿ 18ರಿಂದ 45 ವಯಸ್ಸಿನವರಿಗೆ ಅವಕಾಶ. ಚಿಕ್ಕ ಮಗುವಿರುವ ತಾಯಂದಿರು ಅಲ್ಲೇ ಉಳಿಯುವುದು ಕಷ್ಟ ಅಂತ ಹಿಂದೆ ಸರಿಯುತ್ತಾರೆ. ಅಂಥವರು ಮೊದಲೇ ಹೋಗಿ ಮಾತಾಡಿ, ನಿಮ್ಮ ಊರಿನಲ್ಲೇ ಒಂದು ಬ್ಯಾಚ್ ಮಾಡಿಸಲು ಒಕ್ಕೂಟದ ಮೂಲಕ ಮನವಿ ಕೊಡಿ.

ಉದ್ಯೋಗಿನಿ ಅಂದ್ರೆ ಏನು? ಯಾರಿಗೆ ಸಿಗುತ್ತೆ?

ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ ಇದು, 1997-98ರಿಂದ ಇದೆ. ಸಾಲ ಕೊಡುವುದು ಬ್ಯಾಂಕು, ಸಹಾಯಧನ ಕೊಡುವುದು ನಿಗಮ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ನಿಗಮಕ್ಕೆ ಅಲೆಯುತ್ತಾರೆ. ನಿಗಮ ಆಯ್ಕೆ ಮಾಡಿದರೂ ಬ್ಯಾಂಕು ಒಪ್ಪದಿದ್ದರೆ ಸಾಲ ಬರುವುದಿಲ್ಲ. ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ಒಂದು ಮಾತು ಕೇಳಿಡಿ.

18ರಿಂದ 55 ವರ್ಷದ ಮಹಿಳೆಯರು ಅರ್ಜಿ ಹಾಕಬಹುದು. ಗರಿಷ್ಠ 3 ಲಕ್ಷದವರೆಗೆ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಹಾಯಧನ, ಗರಿಷ್ಠ 1.5 ಲಕ್ಷ, ಕುಟುಂಬದ ವರ್ಷದ ಆದಾಯ 2 ಲಕ್ಷದೊಳಗಿರಬೇಕು. ಉಳಿದವರಿಗೆ ಶೇ 30, ಗರಿಷ್ಠ 90 ಸಾವಿರ, ಆದಾಯ 1.5 ಲಕ್ಷದೊಳಗೆ. ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಹಾಕಿಕೊಡುತ್ತಾರೆ. ವಿವರ ಬೇಕಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಗೆ ಹೋಗಿ. ಅರ್ಜಿ ಕರೆಯುವುದು ವರ್ಷದ ಕೆಲವೇ ದಿನ, ಅದೂ ತಾಲ್ಲೂಕಿಗೆ ಇಂತಿಷ್ಟೇ ಅಂತ ಗುರಿ ಇರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಕೊಟೇಶನ್ ಎಲ್ಲ ಮೊದಲೇ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ.

ಎಚ್‌ಐವಿ ಬಾಧಿತ ಮಹಿಳೆಯರಿಗೆ ಧನಶ್ರೀ, ದಮನಿತ ಮಹಿಳೆಯರಿಗೆ (ಲೈಂಗಿಕ ವೃತ್ತಿಯಲ್ಲಿರುವವರಿಗೆ) ಚೇತನ ಅಂತ ಇದೇ ನಿಗಮದ ಬೇರೆ ಯೋಜನೆಗಳಿವೆ. ಇವನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಸಂಘದವರು ಅಂಥವರ ಜೊತೆ ಹೋದರೆ ದೊಡ್ಡ ಉಪಕಾರವಾಗುತ್ತದೆ.

ಮುದ್ರಾ ಸಾಲ ಕಟ್ಟದಿದ್ರೂ ನಡೆಯುತ್ತಂತೆ, ಹೌದಾ?

ಇಲ್ಲ. ಹೀಗೆ ಹೇಳಿದವರನ್ನು ನಂಬಬೇಡಿ. ಮುದ್ರಾ ಅಂದರೆ ಸಣ್ಣ ವ್ಯಾಪಾರ, ಉದ್ಯಮಕ್ಕೆ ಕೇಂದ್ರದ ಯೋಜನೆಯಡಿ ಬ್ಯಾಂಕು ಕೊಡುವ ಹಣ; ಅದು ಪೂರ್ತಿ ಸಾಲ, ಅದರಲ್ಲಿ ಸಹಾಯಧನ ಇಲ್ಲ. ಕಟ್ಟದಿದ್ದರೆ ನಿಮ್ಮ ಸಿಬಿಲ್ ಅಂಕ (ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ಬ್ಯಾಂಕುಗಳು ನೋಡುವ ಅಂಕ) ಬೀಳುತ್ತದೆ, ಮುಂದೆ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ.

2015ರ ಏಪ್ರಿಲ್ 8ರಂದು ಶುರುವಾದ ಈ ಯೋಜನೆಯಲ್ಲಿ 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲ ಪೂರ್ತಿ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ ಪ್ಲಸ್ 2024ರಲ್ಲಿ ಸೇರಿತು. ಆಸ್ತಿ ಅಡಮಾನ ಬೇಡ. ಹೊಲಿಗೆ ಯಂತ್ರ, ತಳ್ಳುಗಾಡಿ, ಬಳೆ ಅಂಗಡಿಗೆ ಶಿಶು ಸಾಕು. ಮೊದಲ ಸಲವೇ 5 ಲಕ್ಷ ಕೇಳಿ ಇಲ್ಲ ಅನ್ನಿಸಿಕೊಳ್ಳುವ ಬದಲು, 40 ಸಾವಿರ ಕೇಳಿ ಒಂದು ಕಂತೂ ತಪ್ಪದಂತೆ ಕಟ್ಟಿದರೆ ಎರಡನೇ ಸಲ ಬಾಗಿಲು ತಾನಾಗಿ ತೆರೆಯುತ್ತದೆ.

ಪಿಎಂಇಜಿಪಿಯಲ್ಲಿ ಶೇ 35 ಸಬ್ಸಿಡಿ ಅಂತಾರೆ. ಆ ದುಡ್ಡು ಕೈಗೆ ಬರುತ್ತಾ?

ಕೈಗೆ ಬರುವುದಿಲ್ಲ. ಪಿಎಂಇಜಿಪಿ ಅಂದರೆ ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಯಾಕೆಂದರೆ ಇಲ್ಲಿಯ ತಪ್ಪು ತಿಳಿವಳಿಕೆಯಿಂದ ಜಗಳಗಳೇ ಆಗಿವೆ.

ಹಳ್ಳಿಯ ಒಬ್ಬ ಮಹಿಳೆ 5 ಲಕ್ಷದ ಹಿಟ್ಟಿನ ಗಿರಣಿ ಹಾಕುತ್ತಾರೆ ಎನ್ನೋಣ. ಮಹಿಳೆಯರು ವಿಶೇಷ ವರ್ಗಕ್ಕೆ ಸೇರುವುದರಿಂದ ಸ್ವಂತ ಹಣ ಶೇ 5, ಅಂದರೆ 25 ಸಾವಿರ ಹಾಕಿದರೆ ಸಾಕು. ಉಳಿದ 4.75 ಲಕ್ಷ ಬ್ಯಾಂಕು ಸಾಲವಾಗಿ ಕೊಡುತ್ತದೆ. ಸಹಾಯಧನ 1.75 ಲಕ್ಷ ಬರುತ್ತದೆ, ಆದರೆ ಅದನ್ನು ನಿಮ್ಮ ಹೆಸರಲ್ಲಿ ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಇಡುತ್ತಾರೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಗಿರಣಿ ನಡೆಯುತ್ತಿದೆ ಅಂತ ಪರಿಶೀಲಿಸಿದ ಮೇಲೆ ಅದು ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಸಹಾಯಧನ ವಾಪಸ್ ಹೋಗುತ್ತದೆ. ಹಾಗಾಗಿ "ಸಬ್ಸಿಡಿ ಬಂದ ಕೂಡಲೇ ಮಗಳ ಮದುವೆ" ಅಂತ ಯಾರಾದರೂ ಅಂದುಕೊಂಡಿದ್ದರೆ ಈಗಲೇ ಕೈಬಿಡಿ.

ಪಟ್ಟಣದಲ್ಲಿ ಮಹಿಳೆಯರಿಗೆ ಸಹಾಯಧನ ಶೇ 25. ತಯಾರಿಕಾ ಘಟಕ 50 ಲಕ್ಷದವರೆಗೆ, ಸೇವಾ ಘಟಕ 20 ಲಕ್ಷದವರೆಗೆ ಇರಬಹುದು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಹೊಸ ಘಟಕಕ್ಕೆ ಮಾತ್ರ ಇದು, ಈಗಾಗಲೇ ನಡೆಯುತ್ತಿರುವ ಅಂಗಡಿಗೆ ಸಿಗದು. ಅರ್ಜಿ ಆನ್‌ಲೈನ್, ವಿಚಾರಣೆಗೆ ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಖಾದಿ ಮಂಡಳಿ.

ನಂದು ತಿಂಡಿ, ಉಪ್ಪಿನಕಾಯಿ ಕೆಲಸ. ಅದಕ್ಕೇ ಅಂತ ಏನಾದ್ರೂ ಇದೆಯಾ?

2020ರಲ್ಲಿ ಬಂದ ಪಿಎಂಎಫ್‌ಎಂಇ ಇದೆ. ಕಿರು ಆಹಾರ ಸಂಸ್ಕರಣೆಗೆಂದೇ ಮಾಡಿದ್ದು. ಇಡೀ ದೇಶಕ್ಕೆ ಶೇ 35, ಗರಿಷ್ಠ 10 ಲಕ್ಷ ಸಹಾಯಧನವಾದರೆ, ನಮ್ಮ ರಾಜ್ಯ ಸರ್ಕಾರ ಶೇ 15 ಸೇರಿಸಿ ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ಆಹಾರ ಕೆಲಸ ಮಾಡುವ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದವರೆಗೆ ಬೀಜಧನವೂ (ಆರಂಭದ ಬಂಡವಾಳವೂ) ಉಂಟು. ಮಂಡ್ಯಕ್ಕೆ ಬೆಲ್ಲ, ವಿಜಯಪುರಕ್ಕೆ ನಿಂಬೆ, ಚಾಮರಾಜನಗರಕ್ಕೆ ಅರಿಶಿನ, ಕೊಪ್ಪಳಕ್ಕೆ ಪೇರಲ, ಹೀಗೆ ಜಿಲ್ಲೆಗೊಂದು ಪದಾರ್ಥ ಗುರುತಿಸಿದ್ದಾರೆ. ಬೇರೆ ಪದಾರ್ಥ ಮಾಡುವವರೂ ಅರ್ಜಿ ಹಾಕಬಹುದು. ಕೃಷಿ ಇಲಾಖೆಯವರನ್ನು ಕೇಳಿದರೆ ನಿಮ್ಮ ಜಿಲ್ಲೆಯ ಸಂಪನ್ಮೂಲ ವ್ಯಕ್ತಿ ಯಾರು ಅಂತ ಹೇಳುತ್ತಾರೆ. ಪ್ರಾಜೆಕ್ಟ್ ರಿಪೋರ್ಟಿನಿಂದ ಬ್ಯಾಂಕಿನವರೆಗೆ ಅವರೇ ಜೊತೆಗಿರುತ್ತಾರೆ, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಬ್ಯಾಂಕಿನವರು ಮನೆ ಪತ್ರ ತನ್ನಿ, ಗಂಡನ್ನ ಕರ್ಕೊಂಡು ಬನ್ನಿ ಅಂತಾರೆ. ಏನು ಮಾಡ್ಲಿ?

ಕಿರು ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ, ತಿಳಿದವರ ದನಿಯಲ್ಲಿ ಹೇಳಿ. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಕೇಳಿ. ಆಗುವುದಿಲ್ಲ ಅಂದರೆ ಕಾರಣವನ್ನು ಬರೆದುಕೊಡಲು ಕೇಳಿ. ಬಾಯಲ್ಲಿ ಸಲೀಸಾಗಿ "ಇಲ್ಲ" ಅನ್ನುವವರು ಕಾಗದದಲ್ಲಿ ಬರೆಯಲು ಯೋಚಿಸುತ್ತಾರೆ.

ಒಮ್ಮೆ ಒಬ್ಬ ಟೈಲರ್ ಹೆಣ್ಣುಮಗಳ ಜೊತೆ ಒಂದು ಬ್ಯಾಂಕ್ ಶಾಖೆಗೆ ಏಳು ಸಲ ಹೋಗಿದ್ದೇನೆ. ಅವಳಿಗೆ ಗಂಡ ಇಲ್ಲ. ಏಳು ಸಲವೂ "ಮನೆಯ ಗಂಡಸರು ಯಾರು?" ಅಂತಲೇ ಕೇಳಿದರು. ಎಂಟನೇ ಸಲ ನಾವು ಹೋದದ್ದು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ. ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಾಲ ಯೋಜನೆಗಳನ್ನು ನೋಡಿಕೊಳ್ಳುವ ಅಧಿಕಾರಿ ಅವರು, ಆದರೆ ಹೆಚ್ಚಿನವರಿಗೆ ಇಂಥವರೊಬ್ಬರು ಇದ್ದಾರೆಂಬುದೇ ಗೊತ್ತಿಲ್ಲ. ಅವರು ಅವಳ ಲೆಕ್ಕದ ಪುಸ್ತಕ ನೋಡಿ ಶಾಖೆಗೆ ಫೋನ್ ಮಾಡಿದರು. ಸಾಲ ಮಂಜೂರಾಯಿತು. ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೂ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೂ) ದೂರು ಕೊಡಬಹುದು. 14448ಕ್ಕೆ ಕರೆ ಮಾಡಿದರೆ ವಿಧಾನ ಹೇಳುತ್ತಾರೆ.

ಇನ್ನೊಂದು ಮಾತು. ಮೊದಲು ತೆಗೆದ ಸಾಲ ಬಾಕಿ ಇದ್ದರೆ, ಬೇರೆಯವರಿಗೆ ಜಾಮೀನು ಹಾಕಿ ಅವರು ಕಟ್ಟದೆ ಹೋಗಿದ್ದರೆ ಬ್ಯಾಂಕು ಹಿಂದೆಗೆಯುವುದು ಸಹಜ. ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ಒಬ್ಬರು "ಹತ್ತು ಪರ್ಸೆಂಟ್ ಕೊಡಿ, ಲೋನ್ ಮಾಡಿಸ್ತೀನಿ" ಅಂತಿದಾರೆ. ಕೊಡಬಹುದಾ?

ಖಂಡಿತ ಬೇಡ. ಆಧಾರ್ ಪ್ರತಿ, ಒಟಿಪಿ, ಸಹಿ ಹಾಕಿದ ಖಾಲಿ ಚೆಕ್ಕು ಕೊಡಲೇಬೇಡಿ.

ಲೈಸೆನ್ಸು, ನೋಂದಣಿ ಅಂತ ಏನೇನು ಮಾಡಿಸಬೇಕು?

ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು ಮಾಡಿಸುವುದು, ಆನ್‌ಲೈನಿನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಇದಕ್ಕೆ ಸಾವಿರಾರು ರೂಪಾಯಿ ಕೇಳುವ ನಕಲಿ ಜಾಲತಾಣಗಳಿವೆ, ಎಚ್ಚರ.

ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಸಣ್ಣ ವಹಿವಾಟಿನವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹಾಕಿಸಿ. ಜೊತೆಗೆ ಏನೇನು ಹಾಕಿ ಮಾಡಿದ್ದು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬೆಲೆ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಲಿ. ಪಟ್ಟಣದ ಅಂಗಡಿಯವರು ಲೇಬಲ್ ಇಲ್ಲದ ಮಾಲನ್ನು ಮುಟ್ಟುವುದೇ ಇಲ್ಲ.

ಫೋನ್‌ಪೇಯಲ್ಲಿ ದುಡ್ಡು ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತಂತೆ?

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದವು. ಬೇಕರಿ, ಕಾಂಡಿಮೆಂಟ್ಸ್ ಮುಂದೆ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದರು. ಅಂದಿನಿಂದ ಈ ಭಯ ಹಳ್ಳಿಯವರೆಗೂ ಬಂದಿದೆ.

ಭಯ ಬೇಡ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದಾಗ ಜಿಎಸ್‌ಟಿ ನೋಂದಣಿಯ ಮಾತು ಬರುತ್ತದೆ. ದಿನಕ್ಕೆ 2 ಸಾವಿರ ವ್ಯಾಪಾರ ಮಾಡುವವರ ವರ್ಷದ ಮೊತ್ತ ಏಳೂವರೆ ಲಕ್ಷವನ್ನೂ ದಾಟುವುದಿಲ್ಲ. ಆದರೆ ಒಂದು ಕೆಲಸ ಮಾಡಿ: ವ್ಯಾಪಾರಕ್ಕೆ ಬೇರೆ ಖಾತೆ ಇಡಿ. ಚೀಟಿ ದುಡ್ಡು, ಅಣ್ಣ ಕಳಿಸಿದ್ದು, ಕೈಸಾಲ ಎಲ್ಲ ಒಂದೇ ಖಾತೆಗೆ ಬಂದರೆ ನಾಳೆ ಯಾವುದು ವ್ಯಾಪಾರದ್ದು ಅಂತ ನಿಮಗೇ ಹೇಳಲಾಗುವುದಿಲ್ಲ. ಆ ಖಾತೆಯ ಸ್ಟೇಟ್‌ಮೆಂಟೇ ಮುಂದಿನ ಸಾಲಕ್ಕೆ ನಿಮ್ಮ ದೊಡ್ಡ ಸಾಕ್ಷಿ.

ಬ್ಯಾಂಕ್ ತಡ ಮಾಡುತ್ತೆ, ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೇ ಬಂದು ಕೊಡ್ತಾರೆ. ತಗೊಳ್ಳಲಾ?

ತಕ್ಷಣ ಬೇಕಾದಾಗ ಅವರು ಸಿಗುತ್ತಾರೆ ಎಂಬುದು ನಿಜ. ಆದರೆ ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಅಂತ ನಾಲ್ಕೈದು ಕಡೆ ಸಿಕ್ಕಿಕೊಂಡು ಊರು ಬಿಟ್ಟ ಕುಟುಂಬಗಳಿವೆ. ಆ ನೋವಿನಿಂದಲೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಮಾಡಿತು.

ತೆಗೆದುಕೊಳ್ಳಲೇಬೇಕಾದರೆ ನಿಯಮ ಗೊತ್ತಿರಲಿ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅಡಮಾನ ಕೇಳುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೆಳಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ. ವಾರದ ಕಂತಿನ ಸಾಲ ತಂದು ಆರು ತಿಂಗಳಿಗೆ ಆದಾಯ ಬರುವ ಕೆಲಸಕ್ಕೆ, ಉದಾಹರಣೆಗೆ ಕುರಿಮರಿಗೆ, ಹಾಕಬೇಡಿ. ಮರಿ ಬೆಳೆಯುವ ಮುಂಚೆಯೇ ಕಂತಿಗಾಗಿ ಅದನ್ನು ಮಾರಬೇಕಾಗುತ್ತದೆ.

ಮಾಡೋದು ಬರುತ್ತೆ, ಮಾರೋದು ಬರಲ್ಲ.

ಕಲಬುರಗಿಯ ರೊಟ್ಟಿಯ ಕಥೆ ಕೇಳಿ. ಆ ಸೀಮೆಯಲ್ಲಿ ಜೋಳದ ರೊಟ್ಟಿ ಬಡಿಯಲು ಬಾರದ ಹೆಣ್ಣುಮಗಳು ಅಪರೂಪ. ಮನೆಮನೆಯಲ್ಲಿ ಬಡಿದು ಖಾನಾವಳಿಗೆ ಕೊಡುವುದು ಮೊದಲಿಂದ ಇತ್ತು, ಆದರೆ ಒಬ್ಬೊಬ್ಬರೇ ಮಾರುವಾಗ ರೇಟು ಹೇಳುವ ಶಕ್ತಿ ಯಾರಿಗೂ ಇರಲಿಲ್ಲ. ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘಗಳು ಸೇರಿ ಸಹಕಾರ ಸಂಘ ಮಾಡಿಕೊಂಡು 'ಕಲಬುರಗಿ ರೊಟ್ಟಿ' ಅಂತ ಒಂದೇ ಹೆಸರಲ್ಲಿ ಮಾರತೊಡಗಿದವು. ಈಗ ಆನ್‌ಲೈನಿನಲ್ಲೂ ಸಿಗುತ್ತದೆ. 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುವ ಈ ಹೆಣ್ಣುಮಕ್ಕಳ ಬಗ್ಗೆ ಹೇಳಿದರು. ರೊಟ್ಟಿ ಅದೇ, ಬಡಿಯುವ ಕೈಯೂ ಅದೇ. ಒಂದೇ ಅಳತೆ, ಒಂದೇ ಪ್ಯಾಕೆಟ್ಟು, ಒಂದೇ ಹೆಸರು ಬಂದದ್ದು ಹೊಸದು. ಕೈಹಿಡಿಯುವ ಕಾರ್ಯಕ್ರಮ ಅಂದರೆ ಹೀಗಿರಬೇಕು ಅಂತ ನನಗನಿಸುತ್ತದೆ.

ನೀವು ಮಾಡಬಹುದಾದದ್ದು: ಸ್ವಸಹಾಯ ಸಂಘದವರು ತಮ್ಮ ಮಾಲು ಮಾರುವ ಸರಸ್ ಮೇಳಕ್ಕೆ ಒಕ್ಕೂಟದ ಮೂಲಕ ಹೆಸರು ಕೊಡಿ. ಮೇಳದಲ್ಲಿ ಮಾರಿದ್ದಕ್ಕಿಂತ, ಅಲ್ಲಿ ಬರೆದುಕೊಂಡು ಬಂದ ಗಿರಾಕಿಗಳ ಫೋನ್ ನಂಬರ್ ಮುಖ್ಯ. ಸರ್ಕಾರಿ ಖರೀದಿಯ ಜೆಮ್ ಜಾಲತಾಣದಲ್ಲಿ ಮಹಿಳಾ ಉದ್ಯಮಿಗಳಿಗೆ 'ವುಮನಿಯಾ' ಅಂತ ವಿಭಾಗವಿದೆ, ಕೇಂದ್ರದ ಇಲಾಖೆಗಳು ಒಟ್ಟು ಖರೀದಿಯಲ್ಲಿ ಶೇ 3ರಷ್ಟನ್ನು ಮಹಿಳೆಯರ ಕಿರು, ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂಬ ನಿಯಮವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ಇರುವುದರಿಂದ ದೂರದ ಸಂತೆಗೆ ಹೋಗಿ ರೇಟು ವಿಚಾರಿಸಿಕೊಂಡು ಬರಲು ಟಿಕೆಟ್ ಖರ್ಚಿಲ್ಲ. ಎಷ್ಟೋ ಜನ ಮೊದಲ ಬಾರಿಗೆ ಪಕ್ಕದ ತಾಲ್ಲೂಕಿನ ಮಾರುಕಟ್ಟೆ ನೋಡಿದ್ದೇ ಹೀಗೆ.

ಸಾಲ ನನ್ನ ಹೆಸರಲ್ಲಿ, ದುಡ್ಡು ಮನೆಯವರ ಕೈಲಿ. ಇದಕ್ಕೇನು ದಾರಿ?

ಈ ಪ್ರಶ್ನೆಯನ್ನು ಯಾರೂ ಸಭೆಯಲ್ಲಿ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನವರೆಗೆ ಜೊತೆ ಬಂದು ಕೇಳುತ್ತಾರೆ. ಹೆಣ್ಣಿನ ಹೆಸರಲ್ಲಿ ಸಾಲ ತೆಗೆದು ಬೈಕು ಕೊಂಡವರಿದ್ದಾರೆ. ಕಂತು ಕಟ್ಟಲು ಅವಳು ಕೂಲಿಗೆ ಹೋಗುತ್ತಾಳೆ.

ಯಂತ್ರದ ಹಣವನ್ನು ಬ್ಯಾಂಕಿನಿಂದ ನೇರ ಅಂಗಡಿಯವರ ಖಾತೆಗೇ ಹಾಕಿಸಿ. ಬಿಲ್ಲು ನಿಮ್ಮ ಹೆಸರಲ್ಲಿರಲಿ. ಎಟಿಎಂ ಕಾರ್ಡು, ಪಿನ್ನು, ಫೋನು ನಿಮ್ಮ ಕೈಯಲ್ಲಿರಲಿ. ಮನೆಯವರನ್ನು ದೂರ ಇಡಿ ಅಂತ ನಾನು ಹೇಳುತ್ತಿಲ್ಲ. ಸಂತೆಗೆ ಮೂಟೆ ಹೊತ್ತು ತರುವ, ಮಗುವನ್ನು ನೋಡಿಕೊಳ್ಳುವ ಗಂಡಂದಿರೂ ಬಹಳ ಜನರಿದ್ದಾರೆ. ತಿಂಗಳಿಗೊಮ್ಮೆ ಅವರೆದುರು ಲೆಕ್ಕದ ಪುಸ್ತಕ ತೆರೆದಿಟ್ಟರೆ, ಇದು ಅವಳ ಹವ್ಯಾಸವಲ್ಲ, ಮನೆಯ ಅನ್ನ ಅಂತ ಅವರಿಗೂ ಕಾಣುತ್ತದೆ. ಬಲವಂತ, ಹೊಡೆತಕ್ಕೆ ಹೋದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ಮೂರು ವರ್ಷ ಆಯ್ತು, ಚೆನ್ನಾಗಿ ನಡೀತಿದೆ. ದೊಡ್ಡದು ಮಾಡೋದು ಹೇಗೆ?

ಪಿಎಂಇಜಿಪಿ ಅಥವಾ ಮುದ್ರಾ ಸಾಲ ಸರಿಯಾಗಿ ತೀರಿಸಿದ ಘಟಕಗಳಿಗೆ ವಿಸ್ತರಣೆಗೆಂದು ಎರಡನೇ ಸಾಲವಿದೆ: ತಯಾರಿಕೆಗೆ 1 ಕೋಟಿವರೆಗೆ, ಸೇವೆಗೆ 25 ಲಕ್ಷದವರೆಗೆ, ಶೇ 15 ಸಹಾಯಧನದೊಂದಿಗೆ. ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯಲ್ಲಿ ಮಹಿಳಾ ಉದ್ಯಮಿಗಳು ಶೇ 4 ಬಡ್ಡಿ ಕಟ್ಟಿ, ಉಳಿದದ್ದನ್ನು ರಾಜ್ಯ ಸರ್ಕಾರ ಭರಿಸುವ ಯೋಜನೆ ಇದೆ. ಬೆಂಗಳೂರಿನ ಅವೇಕ್, 1983ರಲ್ಲಿ ಮಹಿಳಾ ಉದ್ಯಮಿಗಳೇ ಕಟ್ಟಿಕೊಂಡ ಸಂಘ. ತರಬೇತಿ, ಸಲಹೆ ಕೊಡುತ್ತದೆ. ಈ ಹಾದಿಯಲ್ಲಿ ಮೊದಲೇ ನಡೆದವರ ಒಂದು ಗಂಟೆಯ ಮಾತು ಹತ್ತು ಕಚೇರಿ ಅಲೆದಾಟ ಉಳಿಸುತ್ತದೆ.

ಆದರೆ ದೊಡ್ಡದು ಮಾಡಲೇಬೇಕು ಅಂತೇನೂ ಇಲ್ಲ. ಮಕ್ಕಳ ಫೀಸು, ಮನೆ ಬಾಡಿಗೆ, ತಿಂಗಳಿಗೆ ಸ್ವಲ್ಪ ಉಳಿತಾಯ, ಅಷ್ಟು ಸಾಕು ಅನ್ನುವವರ ಅಂಗಡಿಯೂ ಗೆದ್ದ ಅಂಗಡಿಯೇ.

ಅಕಸ್ಮಾತ್ ಕಂತು ಕಟ್ಟೋಕೆ ಆಗದೇ ಹೋದ್ರೆ?

ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ. ಹೆರಿಗೆ, ಕಾಯಿಲೆ, ಎಮ್ಮೆ ಸತ್ತದ್ದು, ಯಾವುದೇ ಇರಲಿ, ಕಾರಣ ಬರೆದು ಕೊಟ್ಟು ಕಂತಿನ ಅವಧಿ ಹೆಚ್ಚಿಸಲು ಕೇಳಬಹುದು. ಸತತ 90 ದಿನ ಬಾಕಿ ಉಳಿದರೆ ಸಾಲ ವಸೂಲಾಗದ ಪಟ್ಟಿಗೆ ಹೋಗುತ್ತದೆ, ಆಮೇಲೆ ಮಾತುಕತೆ ಕಷ್ಟ. ನಾಚಿಕೆಯಿಂದ ಫೋನ್ ಎತ್ತದೆ ಕೂತವರಿಗೇ ಹೆಚ್ಚು ತೊಂದರೆಯಾಗಿದೆ.

ಸಾಲ ತೆಗೆದ ದಿನವೇ ಅದೇ ಬ್ಯಾಂಕಿನಲ್ಲಿ ಎರಡು ವಿಮೆ ಮಾಡಿಸಿಬಿಡಿ. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವುದೇ ಕಾರಣದ ಸಾವಿಗೆ, ಎರಡಕ್ಕೂ 2 ಲಕ್ಷ ಪರಿಹಾರ. ಎಮ್ಮೆ, ಹಸುವಿಗೆ ವಿಮೆ ಮಾಡಿಸಿ ಕಿವಿಗೆ ಗುರುತಿನ ನಂಬರಿನ ಓಲೆ (ಟ್ಯಾಗ್) ಹಾಕಿಸಿ. ಓಲೆ ಬಿದ್ದುಹೋದರೆ ತಕ್ಷಣ ಪಶು ಆಸ್ಪತ್ರೆಗೆ ಹೇಳಿ ಹೊಸದು ಹಾಕಿಸಿಕೊಳ್ಳಿ, ಓಲೆ ಇಲ್ಲದಿದ್ದರೆ ವಿಮೆ ಹಣ ಸಿಗುವುದಿಲ್ಲ.